ಹಿತ್ತಲಿನ ಆಡ

ಬಾಜು ಮನೆಯವರ ಆಡು ಮಳೆಯಲ್ಲಿ ನೆನೆದು ನಮ್ಮ ಹಿತ್ತಲಿನ ಗೋಡೆಗೆ ಮೈ ಉಜ್ಜಿಕೊಂಡಿತ್ತು. ಇವತ್ತು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಅದು ಬಂದಾಗಲೆಲ್ಲ ನನಗೆ ನೆನಪಾಗುವವರು ನಮಗೆ ಈ ಮನೆ ಮಾರಿದ ಆಯಿ.

ನಾವು ಗದಗ ಕಡೆಯವರು. ಗಂಡನಿಗೆ ಮರಾಠಿ ಗಡಿಯ ಈ ಊರಿನ ಉದ್ಯಮಬಾಗದಲ್ಲಿ ಕೆಲಸ ಸಿಕ್ಕ ಮೇಲೆ ಅನಗೋಳದ ಓಣಿಗಳಲ್ಲಿ ಮನೆ ಹುಡುಕುತ್ತಿದ್ದೆವು. ಈ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದಿತ್ತು: 'ಮನೆ ಮಾರುವುದಿದೆ. ಏಜಂಟರು ಬರಬಾರದು.' ಮನೆಯೊಡತಿ ಖಾನಾಪುರದಲ್ಲಿ ಮಗಳ ಜೊತೆ ಇದ್ದರು; ಅಲ್ಲಿಗೇ ಹೋಗಿ ಭೇಟಿಯಾದೆವು. ಮನೆಮಾತು ಮರಾಠಿ, ನಮ್ಮೊಂದಿಗೆ ಕನ್ನಡ. ನಮ್ಮ ಮರಾಠಿ ಕಾಯಿಪಲ್ಯ ಕೊಳ್ಳುವ ಮಟ್ಟಿಗಷ್ಟೇ ಇತ್ತು. ಎಲ್ಲರಂತೆ ನಾವೂ ಅವರನ್ನು ಆಯಿ, ಅಂದರೆ ಅವ್ವ, ಎಂದೇ ಕರೆದೆವು.

"ಏಜಂಟ ಬರೇ ಚಂದಾನ ಹೇಳತಾನ್ರಿ. ನಾ ಇದ್ದದ್ದ ಹೇಳತೇನಿ," ಎಂದು ಆಯಿ ಮನೆಯ ದೋಷಗಳಿಂದಲೇ ಶುರು ಮಾಡಿದರು. ಅಡಿಗೆಮನೆಯ ಹಂಚು ಸೋರುತ್ತದೆ. ಬಚ್ಚಲ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ...

"ಅವ್ವ ಮನಿ ಮಾರಾಕತ್ತಾಳೋ, ಗಿರಾಕಿ ಓಡಸಾಕತ್ತಾಳೋ!" ಎಂದು ಮಗಳು ಒಳಗಿನಿಂದ ನಕ್ಕಳು.

ಆಯಿ ನಗಲಿಲ್ಲ. "ಮತ್ತ ಹಿತ್ತಲದಾಗ ಆಡ ಐತಿ. ಹುಷಾರ್ ರೀ."

ಹಿತ್ತಲಿನ ಮೂಲೆಯಲ್ಲಿ ಬಾಜು ಮನೆಯವರ ಆಡು ಇರುವುದನ್ನು ನೋಡಿಯೇ ಬಂದಿದ್ದೆವು. "ಆಡ ಏನ್ ಮಾಡತೈತ್ರಿ ಆಯಿ? ಕಟ್ಟೈತಿಲ್ಲೋ?" ಎಂದ ಗಂಡ.

"ಗಟ್ಟಿ ಕಟ್ಟೈತಿ. ಆದ್ರೂ ಹತ್ತರ ಹೋಗಬ್ಯಾಡ್ರಿ."

ಮನೆ ತೋರಿಸಲು ಬಂದಾಗ ಅವರು ಹಿತ್ತಲನ್ನು ನಡುವೆ ದಾಟದೆ, ಸೆರಗು ಸಿಕ್ಕಿಸಿಕೊಂಡು ಗೋಡೆಯ ಗುಂಟ ನಡೆದರು. ಪಾಪ, ಆಡಿಗೆ ಹೆದರುತ್ತಾರೆ ಅಂದುಕೊಂಡೆ. ಖರೀದಿ ಆದ ದಿನ, "ಆಡಕ್ಕ ಕುಂಕುಮ ಹಚ್ಚಿ, ಕಾಯಿ ಒಡದು ಕೀಲಿ ಕೊಡತೇನಿ," ಎಂದರು. ಆಡಿಗೂ ಪೂಜೆ ಎಂದು ನಾವಿಬ್ಬರೂ ದಾರಿಯುದ್ದಕ್ಕೂ ನಕ್ಕೆವು.

ಕೀಲಿ ಕೊಡುವ ದಿನ ಆಯಿ ಬರುವ ಮೊದಲೇ ನಾವು ಓಣಿಯ ಕಡೆಯಿಂದ ಹಿತ್ತಲಿಗೆ ಹೋಗಿದ್ದೆವು. ನೀರಿನ ಟಾಕಿ ಇಡಲು ನೆಲ ಗಟ್ಟಿ ಇದೆಯೋ ನೋಡಬೇಕೆಂದು ಗಂಡ ನಡುವೆ ನಿಂತು ಕಬ್ಬಿಣದ ಹಾರಿಯಿಂದ ಕುಟ್ಟುತ್ತಿದ್ದ. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದೆ. ಕೈಚೀಲ ಹಿಡಿದು ಬಂದ ಆಯಿ ಅದನ್ನು ನೋಡಿದವರೇ ಚೀಲ ಬಿಟ್ಟು ಕೂಗಿದರು: "ಆಡ! ಅಯ್ಯೋ, ಆಡ!"

ಹಿಂದಿನಿಂದ ಆಡು ಹಾಯಲು ಬಂತೆಂದು ಗಂಡ ಹಾರಿಯನ್ನು ಅಲ್ಲೇ ಬಿಟ್ಟು ಗೋಡೆಯ ಕಡೆ ಜಿಗಿದ. ಆಡು ಮೂಲೆಯಲ್ಲಿ ಸೊಪ್ಪು ತಿನ್ನುತ್ತಿತ್ತು. ಅವನು ನಿಂತಿದ್ದ ನೆಲ ಕುಸಿದು ಹೋಯಿತು. ಹಾರಿ ಒಳಗೆ ಜಾರಿತು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, ಎಲ್ಲೋ ಕೆಳಗೆ, ನೀರು.

ಆ ನಡುವಿನ ಹೊತ್ತು ನನಗೆ ಇನ್ನೂ ಮುಗಿದಿಲ್ಲ...

"ಹೇಳಿದ್ದೆನಲ್ರಿ, ಆಡ ಐತಿ ಅಂತ!" ಆಯಿ ನೆಲಕ್ಕೆ ಕುಸಿದು ಕುಳಿತಿದ್ದರು.

ನಾನು ಮೂಲೆಯತ್ತ ಬೆರಳು ಮಾಡಿದೆ. "ನಾವು ಆಡ ಅಂದ್ರ ಇದ ಅಂದ್ಕೊಂಡಿದ್ವಿ ಆಯಿ."

ಅವರು ಆಡನ್ನು ನೋಡಿದರು, ನನ್ನನ್ನು ನೋಡಿದರು. "ಏ ಬಾಯಿ, ಅದು ಶೇಳಿ! ಆಡ ಅಂದ್ರ ಬಾವಿ!"

ಮರಾಠಿಯಲ್ಲಿ ಮನೆಯಂಗಳದ ಕಿರಿದಾದ ಬಾವಿಗೆ ಆಡ ಎನ್ನುತ್ತಾರಂತೆ. ನಮ್ಮ ಬಾಯಲ್ಲಿ ಆಡು ಕೂಡ ಆಡವೇ. ಅವರ ಬಾವಿ ಕಲ್ಲಿನಿಂದ ಕಟ್ಟಿದ್ದು, ನಮ್ಮ ಆಡು ಹಗ್ಗದಿಂದ ಕಟ್ಟಿದ್ದು. ನಳ ಬಂದ ಮೇಲೆ ಬಾವಿಯ ಮೇಲೆ ಫರಸಿ ಕಲ್ಲು ಹಾಸಿದ್ದರು. ಕಲ್ಲಿನ ಮೇಲೆ ಮಣ್ಣು ಕೂತು ಹುಲ್ಲು ಬೆಳೆದಿತ್ತು. ಆಯಿ ಏನನ್ನೂ ಮುಚ್ಚಿಟ್ಟಿರಲಿಲ್ಲ.

"ಅಂಜಿಕಿ ಆದ್ರ ಹೇಳ್ರಿ. ಮನಿ ವಾಪಸ್ ತಗೋತೇನಿ," ಎಂದರು.

ಗಂಡ ಗೋಡೆಗೆ ಬೆನ್ನು ಹಚ್ಚಿ ನಿಂತಲ್ಲಿಂದಲೇ ಅಂದ: "ನನ್ನ ಹಾರಿ ಒಳಗ ಐತ್ರಿ ಆಯಿ. ಇನ್ನೆಲ್ಲಿ ಹೋಗೂಣು?"

ಆಗ ಅವರು ಅತ್ತರು. ಆಮೇಲೆ ದೂರದಿಂದಲೇ ಕಾಯಿ ಒಡೆದು, ಕೀಲಿಯನ್ನು ನನ್ನ ಕೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು.

ಬಾವಿಗೆ ಕಟ್ಟೆ ಕಟ್ಟಿಸಿ ಕಬ್ಬಿಣದ ಜಾಲರಿ ಹಾಕಿಸಿದೆವು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಆಯಿ ಖಾನಾಪುರದಿಂದ ಬಸ್ಸಿಗೆ ಬಂದು ಕಟ್ಟೆಗೆ ಕುಂಕುಮ ಹಚ್ಚಿ ಹೋಗುತ್ತಿದ್ದರು. ಹೋದ ಸಲ ಬರಲಿಲ್ಲ. ನಾನೇ ಫೋನ್ ಮಾಡಿದೆ. ಮಗಳು ಎತ್ತಿದಳು. "ಅವ್ವ ಹೋಗಿ ತಿಂಗಳಾತ್ರಿ," ಎಂದಳು.

ಈಗ ಕಟ್ಟೆಗೆ ಕುಂಕುಮ ನಾನೇ ಹಚ್ಚುತ್ತೇನೆ. ಬಾಜು ಮನೆಯ ಪ್ರಾಣಿಗೆ ನಮ್ಮ ಮನೆಯಲ್ಲಿ ಮೇಕೆ ಎನ್ನುತ್ತೇವೆ. ಮೈಸೂರವರಾದಿವಿ ಎಂದು ಗಂಡ ಚೇಷ್ಟೆ ಮಾಡುತ್ತಾನೆ, ಆದರೆ ಅವನೂ ಹಾಗೇ ಅನ್ನುತ್ತಾನೆ. ಆಡ ಎಂಬ ಶಬ್ದವನ್ನು ಆಯಿಗೆ ಬಿಟ್ಟುಕೊಟ್ಟಿದ್ದೇವೆ.