ಹೆಸರಿದ್ದವರೇ ಬಂದು ಒಯ್ಯಬೇಕಾದ ಉದ್ದು

ಸರಕುಗಳ ವಾಯಿದೆ ವ್ಯಾಪಾರದ ಕಾನೂನು ಎಂದೊಡನೆ ನಮ್ಮ ಜನಕ್ಕೆ ಮುಂಬೈಯ ಎತ್ತರದ ಕಟ್ಟಡಗಳು, ಗೋಡೆಯ ಮೇಲೆ ಓಡುವ ಅಂಕಿಗಳು, ಕಣ್ಣಲ್ಲಿ ಕಾಣದ ಹತ್ತಿಯನ್ನು ಕೊಂಡು ಕೈಯಲ್ಲಿ ಮುಟ್ಟದೆ ಮಾರುವವರು ನೆನಪಾಗುತ್ತಾರೆ. ಅಷ್ಟು ದೊಡ್ಡ ಕಾನೂನಿನ ಅಂಚಿನಲ್ಲಿ ಒಂದು ಸಣ್ಣ ವಿನಾಯಿತಿ ಇದೆ. ಬೆಳೆಯುವವರು ಸುಗ್ಗಿಯಲ್ಲಿ ಕೊಡುತ್ತೇವೆಂದು, ಬೇಕಾದವರು ಆಗ ಒಯ್ಯುತ್ತೇವೆಂದು ಇಂದೇ ದರ ಗೊತ್ತುಮಾಡಿ ಕರಾರು ಬರೆದುಕೊಂಡರೆ, ಆ ಕರಾರಿನ ಹಕ್ಕು ಮೂರನೆಯವರ ಕೈಗೆ ದಾಟದಿದ್ದರೆ, ಹೇಳಿದ ಮಾಲು ನಿಜವಾಗಿಯೂ ಹೇಳಿದವರ ಕೈ ಸೇರಿದರೆ, ಕಾನೂನು ಅದನ್ನು ತನ್ನ ಹಗ್ಗಕ್ಕೆ ಕಟ್ಟದೆ ಬಿಡುತ್ತದೆ. ಈ ಸಣ್ಣ ವಿನಾಯಿತಿಯ ನೆರಳಿನಲ್ಲಿ ಠಾಣೆ ಮತ್ತು ನವಿ ಮುಂಬೈಯ ಉಪಾಹಾರ ಗೃಹಗಳ ನಮ್ಮ ಖರೀದಿ ಸಹಕಾರಿ ಸಂಘವನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಕಾನೂನು ಸಲಹೆಗಾರ್ತಿ ಶ್ರೀಮತಿ ವನಮಾಲಾ ಪೆಜತ್ತಾಯರು ಈಗ ನಿವೃತ್ತರಾಗುತ್ತಿದ್ದಾರೆ.

ಕಲ್ಯಾಣದ ಗೋದಾಮಿನ ಮೇಲ್ವಿಚಾರಕನಾದ ನನ್ನನ್ನು ಅವರ ಈ ಅಭಿನಂದನ ಸಂಪುಟಕ್ಕೆ ಬರೆಯಲು ಕೇಳಿದಾಗ ಹೆಮ್ಮೆಯ ಜೊತೆಗೇ ನಾಚಿಕೆಯೂ ಆಯಿತು. ಎರಡನ್ನೂ ತೂಗಿದರೆ ನಾಚಿಕೆಯ ತಟ್ಟೆಯೇ ಕೆಳಗಿಳಿದೀತು. ಕಳೆದ ದೀಪಾವಳಿಯ ನಂತರ ಸಂಘದಲ್ಲಿ ನಡೆದದ್ದನ್ನು ಬಿಟ್ಟು ಉಳಿದುದನ್ನು ಬರೆಯಿರೆಂದು ಸಮಿತಿಯ ಕೆಲವರು ಸೂಚಿಸಿದರು. ನಾನದನ್ನು ಮೇಡಂ ಅವರಿಗೇ ತಿಳಿಸಿದೆ. "ಅದನ್ನು ಬಿಟ್ಟರೆ ನನ್ನ ವಿಷಯ ಬರೆಯಲಿಕ್ಕೆ ಎಂತ ಉಂಟು ಮಾರಾಯರೇ? ಶಾಲು ಹೊದೆಸುವ ಮೊದಲು ಪೂರ್ತಿ ಬರೆಯಿರಿ. ಇಲ್ಲದಿದ್ದರೆ ನಾನು ಸಭೆಗೇ ಬರುವುದಿಲ್ಲ" ಎಂದರು. ಸಂಘದ ಅಧ್ಯಕ್ಷರಾದ ಯಜ್ಞೇಶ್ವರ ರಾಯರು ಆ ಮಾತನ್ನು ಕೇಳಿ, "ನನ್ನ ಹೆಸರನ್ನೂ ಬಿಡಬೇಡಿ" ಎಂದರು. ಆದ್ದರಿಂದ ಪೂರ್ತಿ ಬರೆಯುತ್ತಿದ್ದೇನೆ.

ಉಡುಪಿಯ ಕಡೆಯ ಮನೆತನದ ವನಮಾಲಾ ಅವರು ಹಗಲು ವಾಶಿಯ ದಲಾಲರೊಬ್ಬರ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು, ಸಂಜೆ ಠಾಣೆಯಲ್ಲಿ ಕಾನೂನು ಓದಿ, ಡೊಂಬಿವಲಿಯ ಲೋಕಲ್ ರೈಲಿನಲ್ಲಿ ನಿಂತೇ ಪುಸ್ತಕ ಮುಗಿಸಿದವರು. ನಮ್ಮ ಸಂಘಕ್ಕೆ ಅವರು ಬಂದಾಗ ಇಡ್ಲಿ ದೋಸೆಯ ಉದ್ದನ್ನು ನಮ್ಮ ಹೋಟೆಲಿನವರು ಹಬ್ಬಕ್ಕೊಂದು ದರ ತೆತ್ತು ಪೇಟೆಯಲ್ಲೇ ಕೊಳ್ಳುತ್ತಿದ್ದರು. ಬೆಳೆಯುವವರೊಡನೆ ಬಿತ್ತನೆಗೆ ಮೊದಲೇ ಕರಾರು ಮಾಡಿಕೊಳ್ಳಬಹುದೆಂದು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದು ತೋರಿಸಿಕೊಟ್ಟವರು ಇವರೇ. ಎರಡು ಸಾವಿರದ ಹದಿನೈದರಲ್ಲಿ ವಾಯಿದೆ ಮಾರುಕಟ್ಟೆಗಳ ಹಳೆಯ ಆಯೋಗವು ಷೇರುಪೇಟೆಯ ನಿಯಂತ್ರಕರೊಳಗೆ ವಿಲೀನವಾಗಿ, ಸಣ್ಣ ಸಂಘಗಳವರೆಲ್ಲ ಇನ್ನು ಹೇಗೋ ಏನೋ ಎಂದು ಗಾಬರಿಗೊಂಡಾಗ, ಹೊಸ ಏರ್ಪಾಟಿನಲ್ಲೂ ನಮ್ಮ ವಿನಾಯಿತಿ ಉಳಿದಿದೆಯೆಂದು ಓದಿ ಹೇಳಿ ನಮ್ಮನ್ನು ನೆಮ್ಮದಿಯಾಗಿ ಮಲಗಿಸಿದವರೂ ಇವರೇ.

ಕರಾರು ನಡೆದದ್ದು ಬೀದರ ಜಿಲ್ಲೆಯಲ್ಲಿ, ನಾನು ಹುಟ್ಟಿದ ಸೀಮೆಯಲ್ಲಿ. ಅಲ್ಲಿಯ ಹೆಣ್ಣುಮಕ್ಕಳ ಬೆಳೆಗಾರರ ಗುಂಪಿಗೆ ಚಂದವ್ವ ಎಂಬವರು ಮುಖ್ಯಸ್ಥೆ. ಪ್ರತಿ ಯುಗಾದಿಗೆ ಮೇಡಂ ಹೋಗಿ ಗುಡಿಯ ಕಟ್ಟೆಯ ಮೇಲೆ ಕೂತು ಕರಾರನ್ನು ಗಟ್ಟಿಯಾಗಿ ಓದುತ್ತಿದ್ದರು. ಮೊದಲನೆಯ ವರ್ಷ ಚಂದವ್ವ, "ವಕೀಲಬಾಯಿ, ನೀವು ಓದಿದ್ದು ಒಂದೂ ತಿಳೀಲಿಲ್ಲ. ಖರೇ ಅಂದ್ರ ನಿಮ್ಮ ಮಾರಿ ಕಳ್ಳರಂಗ ಕಾಣಂಗಿಲ್ಲ, ಅದಕ್ಕ ಹೆಬ್ಬೆಟ್ಟು ಒತ್ತತೀವಿ" ಎಂದರು. ಮೇಡಂ ಒತ್ತಲು ಬಿಡಲಿಲ್ಲ. ಹಾಳೆಯನ್ನು ಮಡಿಸಿಟ್ಟು, ಅವರವರ ಮಾತಿನಲ್ಲಿ ಹೇಳಿಸಿ, ತೇವಾಂಶ ಎಂದು ಅಚ್ಚಾಗಿದ್ದ ಕಡೆ 'ಹಲ್ಲಿಗಿಟ್ಟು ಕಡಿದರೆ ಟಕ್ಕೆನ್ನುವಷ್ಟು ಒಣಗಿರಬೇಕು' ಎಂದು ಸೇರಿಸಿ, ಮರುದಿನ ಸಹಿ ಹಾಕಿಸಿಕೊಂಡರು. ನನ್ನ ತಾಯಿ ಸಾಬವ್ವ ಕಣ್ಣಿನ ಪೊರೆ ತೆಗೆಸಲು ಕಲ್ಯಾಣಕ್ಕೆ ಬಂದಾಗ, ಮರಾಠಿಯ ಡಾಕ್ಟರಿಗೂ ನಮ್ಮ ಕಡೆಯ ಕನ್ನಡಕ್ಕೂ ನಡುವೆ ಇಡೀ ದಿನ ಕೂತಿದ್ದವರೂ ಅವರೇ. ನನ್ನ ತಾಯಿ ಇಂದಿಗೂ ಅವರನ್ನು ಡಾಕ್ಟರಬಾಯಿ ಎಂದೇ ತಿಳಿದಿದ್ದಾಳೆ.

ಕರಾರಿನಲ್ಲಿ ಹೆಸರಿರುವ ಪ್ರತಿ ಸದಸ್ಯರಿಗೂ ವರ್ಷವರ್ಷವೂ ಅವರ ಪಾಲಿನ ಚೀಲಗಳಿಗೆ ಒಂದೊಂದು ಚೀಟಿ ಸಿಗುತ್ತಿತ್ತು. ಸುಗ್ಗಿಯಾಗಿ ಲಾರಿ ಕಲ್ಯಾಣಕ್ಕೆ ಬಂದಾಗ ಚೀಟಿ ತೋರಿಸಿ ಕರಾರಿನ ದರದಲ್ಲಿ ಹಣ ಕಟ್ಟಿ ಉದ್ದು ಒಯ್ಯುವುದು ಪದ್ಧತಿ. ಈ ಚೀಟಿ ಬೇರೆಯವರಿಗೆ ಸಲ್ಲದು, ಹೆಸರಿದ್ದವರೇ ಬಂದು ಒಯ್ಯತಕ್ಕದ್ದು ಎಂದು ಮೇಡಂ ಅದರ ಬೆನ್ನಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿಸಿದ್ದರು.

ನಮ್ಮವರು ಎಡವಿದ್ದು ದುರಾಸೆಯಿಂದಲ್ಲ, ಪ್ರೀತಿಯಿಂದ. ಯಜ್ಞೇಶ್ವರ ರಾಯರ ತಂಗಿಯ ಮಗ ಕಾಮೋಠೆಯಲ್ಲಿ ಹೊಸ ಹೋಟೆಲು ತೆರೆದಾಗ, ಮೊದಲ ಹಿಟ್ಟು ಸೋದರಮಾವನ ಉದ್ದಿನದಾಗಲೆಂದು ರಾಯರು ತಮ್ಮ ಚೀಟಿಯನ್ನೇ ಮುಯ್ಯಿ ಮಾಡಿದರು. ಎಲ್ಲರಿಗೂ ಅದು ಚಂದ ಕಂಡಿತು. ಬಳಿಕ ಗೃಹಪ್ರವೇಶಕ್ಕೆ, ಮುಂಜಿಗೆ, ಮದುವೆಗೆ ಉದ್ದಿನ ಚೀಟಿ ಲಕೋಟೆಯಲ್ಲಿ ಬರತೊಡಗಿತು. ಹೋಟೆಲೇ ಇಲ್ಲದವರ ಕೈಗೆ ಹೋಯಿತು. ಅವರು ಇನ್ನೊಬ್ಬರಿಗೆ ಮಾರಿದರು.

ಮೇಡಂ ಅವರಿಗೆ ಇದು ತಿಳಿದದ್ದು ಕಳೆದ ವೈಶಾಖದಲ್ಲಿ, ಡೊಂಬಿವಲಿಯಲ್ಲಿ ನಡೆದ ಅವರ ಅಣ್ಣನ ಮಗಳು ಪ್ರಿಯಂವದೆಯ ಮದುವೆಯ ಮಂಟಪದಲ್ಲಿ. ರಾಯರು ಮದುಮಕ್ಕಳ ಕೈಗೆ ಲಕೋಟೆ ಇಟ್ಟು, "ಉದ್ದಿನ ಚೀಟಿ ಮಗಾ, ಚಿನ್ನಕ್ಕಿಂತ ಮೇಲು, ಜೋಪಾನ" ಎಂದು ನಕ್ಕರು. ಪಕ್ಕದಲ್ಲಿ ಆರತಿಯ ತಟ್ಟೆ ಹಿಡಿದು ನಿಂತಿದ್ದ ಮೇಡಂ ತಟ್ಟೆಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ರಾಯರನ್ನು ಬದಿಗೆ ಕರೆದರು.

"ರಾಯರೇ, ಅದರ ಬೆನ್ನಿಗೆ ಎಂತ ಬರೆದಿದೆ ಓದಿದ್ದೀರಾ?"

"ಓದದೆ ಏನು ಅಕ್ಕ? ಮಾರಬಾರದು ಅಂತ. ನಾವು ಮಾರ್ತಾ ಇಲ್ಲವಲ್ಲ, ಪ್ರೀತಿಯಲ್ಲಿ ಕೊಡ್ತಾ ಇದ್ದೇವೆ."

"ಕಾನೂನು ಪ್ರೀತಿ ಕೇಳುವುದಿಲ್ಲ ಮಾರಾಯರೇ. ಕೈ ಬದಲಾಯಿತಾ ಅಂತ ಮಾತ್ರ ನೋಡುವುದು. ನಾಳೆ ಉದ್ದು ಒಯ್ಯಲಿಕ್ಕೆ ಜನ ಬರದಿದ್ದರೆ ನಮ್ಮದು ಸಂಘ ಅಲ್ಲ, ಸಟ್ಟಾ ಜೂಜಿನ ಅಂಗಡಿ."

ಮರುವಾರ ಎಲ್ಲ ಸದಸ್ಯರಿಗೂ ನೋಟೀಸು ಹೋಯಿತು. ಕೊಟ್ಟ ಚೀಟಿಗಳನ್ನು ಹಿಂದಕ್ಕೆ ಪಡೆಯಿರೆಂದು ಮೇಡಂ ಸಭೆಯಲ್ಲಿಯೂ ಕೇಳಿಕೊಂಡರು. ಮುಯ್ಯಿ ಹಿಂದಕ್ಕೆ ಕೇಳುವುದುಂಟೇ ಎಂದು ಸಭೆ ನಕ್ಕಿತು. ಆ ನಗು ನಮ್ಮೆಲ್ಲರದು. ಈಗ ಅದನ್ನು ನೆನೆದರೆ ಎದುರಿಗಿರುವವರ ಮುಖ ನೋಡಲಾಗುವುದಿಲ್ಲ.

ಆ ವರ್ಷ ಹಲವೆಡೆ ಅಕಾಲದ ಮಳೆಗೆ ಉದ್ದು ಕೊಳೆತು ದರ ಏರಿತು. ಚಂದವ್ವನ ಸೀಮೆಯಲ್ಲಿ ಬೆಳೆ ಉಳಿದಿತ್ತು. ದೀಪಾವಳಿ ಮುಗಿದ ಮೇಲೆ ಅವರು ಲಾರಿಯ ಜೊತೆಗೇ ಬಂದಿಳಿದರು. ಗೋದಾಮಿನ ಮುಂದೆ ಹೋಟೆಲಿನ ಟೆಂಪೋಗಳಿರಲಿಲ್ಲ. ಇದ್ದವರು ಅಪರಿಚಿತರು: ಒಬ್ಬರು ಒಡವೆ ಅಂಗಡಿಯವರು, ಒಬ್ಬರು ಬಟ್ಟೆಯವರು, ಕಾಮೋಠೆಯಲ್ಲಿ ಫ್ಲಾಟು ಮಾರುವ ಜಯೇಶ್ ಎಂಬವರು. ಎಲ್ಲರ ಕೈಯಲ್ಲೂ ಚೀಟಿ. ಉದ್ದು ಯಾರಿಗೂ ಬೇಡ. ವಾಶಿಯ ಮಾರ್ಕೆಟ್ಟಿಗೆ ಕಳಿಸಿ ಕರಾರಿನ ದರಕ್ಕೂ ಇಂದಿನ ದರಕ್ಕೂ ಇರುವ ಅಂತರವನ್ನು ನಮಗೆ ಹಂಚಿ ಎಂಬುದು ಅವರ ಬೇಡಿಕೆ. ನಮ್ಮ ಸದಸ್ಯರಲ್ಲಿಯೂ ಕೆಲವರು ಫೋನಿನಲ್ಲಿ ಅದನ್ನೇ ಹೇಳಿದರು.

ಚಂದವ್ವನಿಗೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಅರ್ಥವಾಯಿತು. ಲಾರಿಯ ನೆರಳಿನಲ್ಲಿ ಕೂತಿದ್ದವರು ಎದ್ದು ಬಂದು, ಲಾರಿ ಬರುವುದೆಂದು ಗೋದಾಮಿಗೆ ಬಂದಿದ್ದ ಮೇಡಂ ಎದುರಿಗೆ ನಿಂತರು.

"ಬಾಯಾರ, ನಮ್ಮೂರಿಗೆ ವ್ಯಾಪಾರಿಗೋಳು ಬಂದು ಹೆಚ್ಚಿನ ದರ ಕೊಡ್ತೀವಿ ಅಂದ್ರು. ನಮ್ಮ ಹೆಣ್ಮಕ್ಕಳು ಕೊಡೂಣು ಅಂದ್ರು. ನಾನೇ ಬ್ಯಾಡ ಅಂದೆ. ಇಡ್ಲಿಗೆ ಹೋಗೂ ಉದ್ದದ, ಮಾತು ಕೊಟ್ಟೀವಿ ಅಂದೆ. ಇವರು ಯಾರ್ರೀ? ಇವರು ಇಡ್ಲಿ ಮಾಡ್ತಾರೇನು? ಮಾರೂದೇ ಆಗಿದ್ರ ನಮಗೇನು ಮಾರ್ಲಿಕ್ಕ ಬರ್ತಿದ್ದಿಲ್ಲೇನು?"

ಮೇಡಂ ಅವರ ಮುಖ ಕೆಂಪಾದದ್ದನ್ನು ನಾನು ಮೊದಲ ಬಾರಿ ಕಂಡೆ. ಲಾರಿಯಿಂದ ಒಂದು ಚೀಲವೂ ಇಳಿಯಕೂಡದು ಎಂದರು. ಕರಾರಿನಲ್ಲಿ ಹೆಸರಿದ್ದವರು ಬಂದು ಒಯ್ದರೆ ಸರಿ. ಬಾರದವರ ಪಾಲನ್ನು ಚಂದವ್ವನೇ ವಾಶಿಯಲ್ಲಿ ಇಂದಿನ ದರಕ್ಕೆ ಮಾರಿಕೊಳ್ಳಲಿ, ನಡುವಿನವರಿಗೆ ಕಾಸೂ ಇಲ್ಲ ಎಂದು ಅಲ್ಲಿಯೇ ಬರೆದು ರುಜು ಹಾಕಿದರು. ಚಂದವ್ವನನ್ನು ಡೊಂಬಿವಲಿಯ ತಮ್ಮ ಮನೆಗೆ ಕಳಿಸಿ, ಚೀಟಿಗಳು ಮತ್ತೆ ಹೆಸರಿದ್ದವರ ಕೈ ಸೇರಲೆಂದು ಅವನ್ನು ಹಿಂದಕ್ಕೆ ತರಲು ತಾವೇ ಹೊರಟರು. ಸಾಕ್ಷಿಗೆಂದು ನಾನೂ ಹೋದೆ.

ಮೊದಲು ಹೋದದ್ದು ಸೀವುಡ್ಸಿಗೆ, ಪ್ರಿಯಂವದೆಯ ಮನೆಗೆ. ಬೇರೆಯವರನ್ನು ಕೇಳುವ ಮೊದಲು ಸ್ವಂತದವರನ್ನು ಕೇಳಬೇಕೆಂಬುದು ಅವರ ಹಟ. ಹುಡುಗಿಯ ಗಂಡ ವಿಶ್ರುತ, "ಅರೇ ಅತ್ತೆ, ವೋ ತೋ ಗಿಫ್ಟ್ ಥಾ ನಾ! ಮೈನೇ ಜಯೇಶ್ ಭಾಯಿ ಕೋ ದೇ ದಿಯಾ" ಎಂದು, ಉಡುಗೊರೆಯ ಚೀಟಿಯನ್ನು ಜಯೇಶರಿಗೆ ಮಾರಿದ್ದನ್ನು ಪಾಪ, ಸರಳವಾಗಿ ಹೇಳಿಬಿಟ್ಟ. ಅವನ ತಾಯಿ ನಳಿನಾಕ್ಷಿಯವರು ಚಹಾದ ಲೋಟ ಮೇಜಿನ ಮೇಲೆ ಕುಕ್ಕಿದರು.

"ಮದುವೆಗೆ ಬಂದದ್ದನ್ನು ವಾಪಸು ಕೇಳಲಿಕ್ಕೆ ಬಂದ ಸೋದರತ್ತೆಯನ್ನು ನಾನು ಇದೇ ಮೊದಲು ನೋಡುವುದು. ನಾಳೆ ಸೀರೆ ಕೇಳಲಿಕ್ಕೂ ಬರ್ತೀರಾ?"

"ಸೀರೆಗೆ ಕಾನೂನು ಇಲ್ಲ ನಳಿನಾಕ್ಷಿಯವರೇ, ಅದು ನಿಮ್ಮಲ್ಲೇ ಇರಲಿ. ಚೀಟಿ ಮಾರಿ ಬಂದ ಹಣ ಜಯೇಶರಿಗೆ ಹಿಂದಕ್ಕೆ ಹೋಗಬೇಕು."

ಪ್ರಿಯಂವದೆ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ತುಂಬಿ ನಿಂತಿದ್ದಳು. ಸೋದರತ್ತೆಯನ್ನು ಕಳಿಸಿಕೊಡಲು ಲಿಫ್ಟಿನವರೆಗೂ ಬರಲಿಲ್ಲ. ಕಾಮೋಠೆಯಲ್ಲಿ ಜಯೇಶ್, "ಬಾಯಿ, ಉಡದ್ ಲೇಕೇ ಮೈಂ ಕ್ಯಾ ಕರೂಂ? ವಡಾ ತಲೂಂ?" ಎಂದರು. ಉದ್ದು ಒಯ್ದು ನಾನೇನು ವಡೆ ಕರಿಯಲೇ ಎಂಬ ಅವರ ಪ್ರಶ್ನೆಯಲ್ಲಿ ತಪ್ಪೇನಿತ್ತು? ಅವರಿಗೆ ಕೊಟ್ಟವರು ನಮ್ಮವರು. ಪೊಲೀಸಿಗೆ ಹೋಗುತ್ತೇನೆಂದು ಅವರು ಹೆದರಿಸಿದಾಗ ಮೇಡಂ, "ಚಲಿಯೇ, ಮೈಂ ಭೀ ಆತೀ ಹೂಂ. ಹೇಳುವುದು ನನಗೂ ಉಂಟು" ಎಂದು ಅವರೊಡನೆ ತಾವೂ ಹೊರಡಲು ಎದ್ದು ನಿಂತರು. ಜಯೇಶ್ ಚೀಟಿ ಕೊಟ್ಟರು.

ಹೀಗೆ ವರ್ತಕ ನಗರದಿಂದ ಪನವೇಲಿನ ದಾರಿಯವರೆಗೆ, ನಾವೇ ಊಟ ಮಾಡಿ ಹರಸಿ ಬಂದಿದ್ದ ಮನೆಗಳ ಗಂಟೆ ಒತ್ತಿ, ಹರಸಿ ಕೊಟ್ಟದ್ದನ್ನು ಹಿಂದಕ್ಕೆ ಬೇಡಿದೆವು. ಕೆಲವರು ಬಾಗಿಲು ತೆರೆಯಲಿಲ್ಲ. ಒಂದು ಮನೆಯಲ್ಲಿ ಚೀಟಿಯನ್ನು ನೆಲಕ್ಕೆ ಎಸೆದರು. ಮೇಡಂ ಬಗ್ಗಿ ಎತ್ತಿಕೊಂಡು, ನಮಸ್ಕಾರ ಹೇಳಿ ಬಂದರು. ಕೊಟ್ಟವರು ನಾವು, ಬೇಡಿದವರು ಅವರು.

ಕಡೆಗೆ ಯಜ್ಞೇಶ್ವರ ರಾಯರು ತಮ್ಮ ಪಾಲಿನ ಉದ್ದು ಒಯ್ಯಲು ಟೆಂಪೋ ತೆಗೆದುಕೊಂಡು ಗೋದಾಮಿಗೆ ಬಂದರು. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಎಪ್ಪತ್ತು ದಾಟಿದ ರಾಯರು ಹಮಾಲರನ್ನು ಸರಿಸಿ ಚೀಲದ ಅಡಿಗೆ ತಾವೇ ಕೈ ಹಾಕಿದಾಗ ಚಂದವ್ವ, "ಬಿಡ್ರಿ ಯಜಮಾನ್ರ, ನಡ ಹಿಡದ್ರ ನಿಮ್ಮ ಇಡ್ಲಿ ಯಾರು ಬೇಯಿಸ್ತಾರ?" ಎಂದರು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದೆವು. ಬಾರದವರ ಚೀಲಗಳನ್ನು ಚಂದವ್ವ ವಾಶಿಯಲ್ಲಿ ಮಾರಿ ಊರಿಗೆ ಹೋದರು. ನಡೆದದ್ದೆಲ್ಲವನ್ನೂ ಮೇಡಂ ನಿಯಂತ್ರಕರ ಕಚೇರಿಗೆ ತಾವಾಗಿಯೇ ಬರೆದರು; ಬರೆಯಬೇಡಿರೆಂದು ಕೈಮುಗಿದವರೂ ನಮ್ಮಲ್ಲಿದ್ದರು. ಎಚ್ಚರಿಕೆಯ ಉತ್ತರ ಬಂತು, ವಿನಾಯಿತಿ ಉಳಿಯಿತು. ಅವರ ಅಣ್ಣನ ಮನೆಯಿಂದ ಮಾತ್ರ ಇಂದಿಗೂ ಫೋನು ಬರುವುದಿಲ್ಲವೆಂದು ಕೇಳಿದ್ದೇನೆ.

ಈ ಯುಗಾದಿಗೆ ಹೊಸ ಕರಾರಿಗೆಂದು ಬೀದರಕ್ಕೆ ಹೋಗುವಾಗ ರಾಯರು ಅವರನ್ನು ಕರೆದರು. ಮೇಡಂ ಒಪ್ಪಲಿಲ್ಲ. "ನಾನು ಬಂದರೆ ಅವರು ನನ್ನ ಮುಖ ನೋಡಿ ಸಹಿ ಹಾಕ್ತಾರೆ. ನಿಮ್ಮ ಮುಖ ನೋಡಿ ಹಾಕಲಿ" ಎಂದರು. ನಾವು ಹೋದೆವು. ಕರಾರನ್ನು ರಾಯರೇ ಓದಿದರು. ಮುಗಿದ ಮೇಲೆ ಚಂದವ್ವ ಕೇಳಿದರು: "ಬಾಯಾರು ಬರ್ಲಿಲ್ಲೇನು?"

"ಅವರು ರಿಟೈರ್ ಆಗ್ತಾರಮ್ಮ" ಎಂದರು ರಾಯರು.

ಹೆಂಗಸರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. "ಹಂಗಾರ ಅರ್ಧಾ ಬರೀರಿ" ಎಂದರು ಚಂದವ್ವ. "ಉಳದ ಅರ್ಧಾ ನಾವು ಪ್ಯಾಟಿಗೆ ಹಾಕ್ಕೋತೀವಿ. ನಿಮ್ಮದು ಒಂದು ಸುಗ್ಗಿ ನೋಡ್ತೀವಿ, ಆಮ್ಯಾಲ ಮಾತಾಡೂಣು." ರಾಯರು ಅರ್ಧವನ್ನೇ ಬರೆದರು. ಅದನ್ನು ಹೇಳಿದಾಗ ಮೇಡಂ ನಮ್ಮನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಸರಿಯಾಗಿಯೇ ಅಳೆದಿದ್ದಾರೆ ಎಂದರು.

ವಾಯಿದೆ ಕಾನೂನನ್ನು ಸಣ್ಣ ಸಂಘಗಳಿಗೆ ತಿಳಿಯುವಂತೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯುವ ಕೆಲಸವನ್ನು ಶ್ರೀಮತಿ ವನಮಾಲಾ ಪೆಜತ್ತಾಯರು ಈಗಾಗಲೇ ಹಿಡಿದಿದ್ದಾರೆ. ಅದು ಅವರ ಕೈಯಿಂದ ಸಾಂಗವಾಗಿ ನೆರವೇರಲಿ. ಅವರಿಗೆ ಆರೋಗ್ಯವಿರಲಿ, ಆಯುಷ್ಯ ದೀರ್ಘವಾಗಿರಲಿ ಎಂದು ಹಾರೈಸುವಾಗ ಈ ಹಾರೈಕೆಯಲ್ಲಿ ನಮ್ಮ ಸ್ವಾರ್ಥವೂ ಇದೆಯೆಂದು ಒಪ್ಪಿಕೊಳ್ಳುತ್ತೇನೆ. ಅವರು ಜೊತೆಗೆ ಬಾರದ ಒಂದು ಯುಗಾದಿಯಲ್ಲಿ, ನಮ್ಮ ಮುಖ ನೋಡಿಯೇ ಚಂದವ್ವ ಪೂರ್ತಿಗೆ ಸಹಿ ಹಾಕಿದರೆಂಬ ಸುದ್ದಿಯನ್ನು ಡೊಂಬಿವಲಿಯ ಅವರ ಮನೆಗೆ ಹೋಗಿ ನಾವು ಹೇಳಬೇಕು. ಅದನ್ನು ಕೇಳಲು ಅವರು ಇರಬೇಕು.