ಮುಠಾ ಹೊಳೆ ಎತ್ತ ಹೋಗುತ್ತದೆ

ಪ್ರಶ್ನೆ ಕೇಳುವುದರಲ್ಲಿ ಶರಣಮ್ಮನನ್ನು ಮೀರಿಸುವವರು ಪುಣೆ ಕ್ಯಾಂಪಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೋಟೆಲಿನ ಹಿಂಬದಿಯಲ್ಲಿ ಮಣೆ ಹಾಕಿಕೊಂಡು ಕೂತು ಉಳ್ಳಾಗಡ್ಡಿ ಹೆಚ್ಚುತ್ತ ಆಕೆ ಕೇಳದೆ ಬಿಟ್ಟ ವಿಷಯವೇ ಇಲ್ಲ. ಇಡ್ಲಿಯೊಳಗೆ ತೂತು ಬೀಳುವುದು ಯಾಕೆ, ವಿಮಾನಕ್ಕೆ ಹಿಂದಕ್ಕೆ ಹೋಗಲು ಬರುತ್ತದೋ ಇಲ್ಲವೋ, ಲಿಫ್ಟು ಅರ್ಧಕ್ಕೆ ನಿಂತರೆ ಒಳಗಿದ್ದವರು ಉಸಿರಾಡುವುದು ಹೇಗೆ. ಉತ್ತರ ಸಿಗದಿದ್ದರೆ ಸುಮ್ಮನಾಗುವ ಹೆಂಗಸೂ ಅಲ್ಲ. ಹೋಟೆಲಿನ ಒಡತಿ ಲೀಲಾಕ್ಷಿ ಎಷ್ಟೋ ಸಲ ಕೈಮುಗಿದು, "ಸಾಕು ಮಾರಾಯ್ತಿ, ನನ್ನ ತಲೆ ತಿನ್ಬೇಡಿ" ಎಂದು ಎದ್ದು ಹೋಗಿದ್ದುಂಟು.

ಅಂಥವಳ ಕಿವಿಗೆ ಸಮುದ್ರದ ಸುದ್ದಿ ಬಿದ್ದರೆ ಕೇಳಬೇಕೆ? ಅಡುಗೆಮನೆಯ ನೆಲ ಕಿತ್ತು ಹೊಸ ಫರಸಿ ಹಾಕಿಸಲು ಮುಂದಿನ ವಾರ ಹೋಟೆಲು ಮುಚ್ಚಬೇಕಾಗಿ ಬಂತು. ಕುಂದಾಪುರದ ಕಡೆಯಿಂದ ಪುಣೆಗೆ ಮದುವೆಯಾಗಿ ಬಂದ ಲೀಲಾಕ್ಷಿಗೆ ಕಡಲು ಕಾಣದೆ ನಾಲಿಗೆ ಸಪ್ಪೆಯಾಗಿತ್ತು. "ಸೋಮವಾರ ಎಲ್ರೂ ಶ್ರೀವರ್ಧನಕ್ಕೆ ಹೋಗುವ. ಬೆಳಿಗ್ಗೆ ಹೊರಟ್ರೆ ರಾತ್ರಿ ವಾಪಸ್" ಎಂದು ಸಾರಿಬಿಟ್ಟಳು. ಕೆಲಸದವರೆಲ್ಲ ಖುಷಿಯಿಂದ ಕುಣಿದರು. ಶರಣಮ್ಮನ ಈಳಿಗೆ ಮಾತ್ರ ಹಾಗೇ ನಿಂತಿತು.

"ಅಕ್ಕಾರ, ಸಮುದ್ರದಾಗ ಉಪ್ಪು ಯಾರು ಹಾಕ್ಯಾರ್ರಿ?"

"ದೇವರು ಹಾಕಿದ್ದಾರೆ. ನೀವು ಈರುಳ್ಳಿ ಹೆಚ್ಚಿ."

"ಅದರೊಳಗಿನ ಮೀನಕ್ಕ ನೀರಡಿಕಿ ಆದ್ರ ಏನು ಕುಡೀತಾವ?"

ಲೀಲಾಕ್ಷಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಹೀಗೆ ವಾರವಿಡೀ ನಡೆಯಿತು. ಆದರೆ ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆಯೊಂದನ್ನು ಶರಣಮ್ಮ ಸೆರಗಿನ ಗಂಟಿನಲ್ಲಿಟ್ಟವಳಂತೆ ಬಿಚ್ಚದೆ ಇಟ್ಟುಕೊಂಡಿದ್ದಳು. ಅದಕ್ಕೆ ಕಾರಣವಿತ್ತು.

ಜೇವರ್ಗಿ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲಿನ ಒಂದು ಹಳ್ಳಿ ಅವಳದು. ಮದುವೆಯಾದ ಹೊಸತರಲ್ಲೇ ಗಂಡ ಹಣಮಂತ್ರಾಯನ ಜೊತೆ ಪುಣೆಗೆ ಬಂದಳು. ಅವನು ಸೆಂಟ್ರಿಂಗ್ ಕಟ್ಟುತ್ತಿದ್ದ, ಇವಳು ಬುಟ್ಟಿಯಲ್ಲಿ ಕಾಂಕ್ರೀಟು ಹೊರುತ್ತಿದ್ದಳು. ಈ ಊರಿನ ಎಷ್ಟೋ ಮನೆಗಳ ಮೇಲಂತಸ್ತಿನ ಗಾಳಿಯನ್ನು ಆ ಮನೆಯವರಿಗಿಂತ ಮೊದಲು ಕುಡಿದವರು ಇವರೇ. ಒಬ್ಬಳೇ ಮಗಳನ್ನು ಹತ್ತಿರದ ಸಾಸವಡಕ್ಕೆ ಮದುವೆ ಮಾಡಿ ಕೊಟ್ಟರು. ಇನ್ನು ಊರಿಗೆ ಹೋಗಿ ಇದ್ದುಬಿಡೋಣ ಎಂದು ಹಣಮಂತ್ರಾಯ ಅನ್ನತೊಡಗಿದಾಗಲೇ ಕೊರೊನಾ ಬಂತು. ಆ ಶ್ರಾವಣದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಅವರದು ಮಣ್ಣು ಮಾಡುವ ಜನ. ಸತ್ತವರನ್ನು ಸ್ವಂತ ಊರಿನ ಮಣ್ಣಿನಲ್ಲಿಡಬೇಕು, ವರ್ಷಕ್ಕೊಮ್ಮೆ ಆ ಜಾಗ ಸಾರಿಸಿ ಎಡೆ ಇಡಬೇಕು, ಅವರು ಉಣ್ಣುತ್ತಿದ್ದದ್ದನ್ನೆಲ್ಲ ಬಡಿಸಬೇಕು. ಆಗ ಜಿಲ್ಲೆ ದಾಟಲು ಪಾಸು ಬೇಕಿತ್ತು, ಹೆಣ ಒಯ್ಯಲು ಯಾವ ಗಾಡಿಯವನೂ ಒಪ್ಪಲಿಲ್ಲ. ಪುಣೆಯಲ್ಲೇ ಸುಟ್ಟರು. ಬೂದಿಯನ್ನು ಶರಣಮ್ಮ ತಾನೇ ಒಯ್ದು ಪುಣೆಯ ನಡುವೆ ಹರಿಯುವ ಮುಠಾ ಹೊಳೆಗೆ ಬಿಟ್ಟಳು. ಊರಲ್ಲಿ ಅತ್ತೆ ತಿಪ್ಪವ್ವ ಸುದ್ದಿ ಕೇಳಿ, "ನನ್ನ ಮಗನ್ನ ಮಣ್ಣಿಗೂ ತರಲಿಲ್ಲ ಆಕಿ" ಎಂದಳು. ಅಂದಿನಿಂದ ಸೊಸೆಯ ಜೊತೆ ಒಂದು ಮಾತಾಡಿಲ್ಲ. ಹಬ್ಬಕ್ಕೆ ಹೋದರೆ ತಾಟು ತಂದು ಮುಂದಿಡುತ್ತಾಳೆ, ಮುಖ ನೋಡುವುದಿಲ್ಲ. ಎಡೆ ಇಡಲು ಮಗನಿಗೊಂದು ಜಾಗವೇ ಇಲ್ಲದಂತೆ ಮಾಡಿದಳೆಂಬ ಸಿಟ್ಟು ಆ ಮುದುಕಿಗೆ. ಅದು ಸುಳ್ಳು ಸಿಟ್ಟಲ್ಲ ಎಂದು ಶರಣಮ್ಮನಿಗೂ ಗೊತ್ತಿತ್ತು. ಅದಕ್ಕೇ ಅದು ಹೆಚ್ಚು ಸುಡುತ್ತಿತ್ತು.

ಈಗ ಸಮುದ್ರದ ಮಾತು ಬಂದಾಗ ಅವಳ ತಲೆಯಲ್ಲಿ ದೀಪ ಹತ್ತಿದಂತಾಯಿತು. ಹೊಳೆಗಳೆಲ್ಲ ಕೊನೆಗೆ ಸಮುದ್ರಕ್ಕೇ ಹೋಗಿ ಕೂಡುತ್ತವಂತೆ. ಹಾಗಾದರೆ ತನ್ನ ಗಂಡ ಅಲ್ಲೇ ಎಲ್ಲೋ ಇರಬೇಕಲ್ಲ! ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ ಕಟ್ಟಿಕೊಂಡು ಹೋಗಿ ಆ ದಂಡೆಗೆ ಎಡೆ ಇಡಬೇಕು. ಆದರೆ ದಂಡೆಯೇನು ಅಂಗೈಯಷ್ಟಿರುತ್ತದೆಯೇ? ಎಲ್ಲೋ ಇಟ್ಟು ಯಾರದೋ ಪಾಲಾದರೆ? ನಿಖರವಾದ ಜಾಗ ತಿಳಿಯಲೇಬೇಕಿತ್ತು.

ಶನಿವಾರ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಟೆಂಪೋ ಓಡಿಸುವ ದತ್ತು ದಾರಿಯ ಮಾತಾಡಲು ಬಂದ. ಅವನೂ ಕಲಬುರ್ಗಿ ಕಡೆಯವನೇ, ಹುಟ್ಟಿ ಬೆಳೆದದ್ದು ಮಾತ್ರ ಪುಣೆಯಲ್ಲಿ. ಇಡೀ ವಾರ ಪುಣೆ ಜಿಲ್ಲೆಯ ಶಿರೂರಿಗೆ ಇಟ್ಟಂಗಿ ಸಾಗಿಸುವವನು, ಜನರನ್ನು ಹೊತ್ತೊಯ್ಯುವುದು ರಜೆಯ ದಿನ ಮಾತ್ರ. ಚಹಾ ಹೀರುತ್ತ ಮೇಜಿನ ಮೇಲೆ ಬೆರಳಾಡಿಸಿದ. "ಮುಳಶಿ ಮೇಲಿಂದ ಹೋಗೂಣ್ರಿ. ಆಮ್ಯಾಲ ಘಾಟ್ ಅದ. ಅದು ಇಳದ್ರ ಕೊಂಕಣ."

ಶರಣಮ್ಮ ಕೈ ಒರೆಸಿಕೊಂಡು ಬಂದು ನಿಂತಳು. ಕೊನೆಗೂ ಗಂಟು ಬಿಚ್ಚಿದಳು.

"ಅಕ್ಕಾರ, ನಮ್ಮ ಮುಠಾ ಹೊಳಿ ಅಲ್ಲಿ ಸಮುದ್ರಕ್ಕ ಎಲ್ಲಿ ಕೂಡ್ತದ್ರಿ? ಆ ಜಾಗಕ್ಕ ಗಾಡಿ ಹೋಗ್ತದೇನು?"

"ಯಾಕೆ?" ಎಂದು ನಕ್ಕಳು ಲೀಲಾಕ್ಷಿ. ಶರಣಮ್ಮ ಹೇಳಿದಳು. ಲೀಲಾಕ್ಷಿಯ ನಗು ಅಲ್ಲಿಗೇ ನಿಂತಿತು. "ಅಯ್ಯೋ, ಮೊದಲೇ ಹೇಳ್ಬಾರ್ದಾ? ಹುಡುಕುವ. ನಮ್ಮಲ್ಲಿ ಎಲ್ಲಾ ಹೊಳೆಯೂ ಘಟ್ಟದಿಂದ ಇಳಿದು ಕಡಲಿಗೇ ಬರುವುದು. ಇದು ಕೂಡ ಅಲ್ಲೇ ಎಲ್ಲೋ ಬಂದು ಸೇರ್ತದೆ."

ಪಾಪ, ಅವಳು ಕಂಡ ಹೊಳೆಗಳೆಲ್ಲ ಅಂಥವೇ. ದತ್ತು ಮಾತ್ರ ಲೋಟ ಕೆಳಗಿಟ್ಟು ತಲೆ ಕೆರೆದುಕೊಂಡ. "ಹೆಂಗ್ರೀ ಅಕ್ಕಾ? ನಡುವ ಅಷ್ಟು ದೊಡ್ಡ ಘಾಟ್ ಅದ. ಹೊಳಿ ಏನು ಗೇರ್ ಹಾಕಿ ಏರ್ತದ? ಇದು ಹಿಂಗ ಈಚಿ ಕಡೀನ ಬರ್ತದ್ರಿ."

"ಏನು ಹೇಳ್ತೀರಿ ನೀವು? ಕಡಲಿಗೆ ಹೋಗದ ಹೊಳೆ ಉಂಟಾ?"

ಇಬ್ಬರೂ ಹಟಕ್ಕೆ ಬಿದ್ದರು. ಶರಣಮ್ಮನಿಗೆ ಬಾಯಿಮಾತಿನ ಮೇಲೆ ಎಂದೂ ಭರವಸೆಯಿರಲಿಲ್ಲ. ಅವರಿಬ್ಬರನ್ನೂ ಅಲ್ಲಿಯೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಟಳು. ದಾರಿಯಲ್ಲಿ ಒಂದು ಮೊಳ ಚೆಂಡುಹೂವು ಕೊಂಡು, ನಡೆದೇ ಬಂಡ್ ಗಾರ್ಡನ್ ಸೇತುವೆಗೆ ಬಂದಳು.

ಹೊತ್ತು ಇಳಿಯುತ್ತಿತ್ತು. ಕಪ್ಪು ನೀರು, ಮೂಗು ಮುಚ್ಚಿಕೊಳ್ಳುವ ವಾಸನೆ. ಆಕೆ ಸೇತುವೆಯ ಕಟಾಂಜನಕ್ಕೆ ಆನಿಕೊಂಡು ಹೂವನ್ನು ಕೆಳಗೆ ಬಿಟ್ಟಳು. ಅದು ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಅಲ್ಲೇ ತಿರುಗಿ, ಮೆಲ್ಲಗೆ ಹೊರಟಿತು. ಸೂರ್ಯ ಮುಳುಗುವ ಕಡೆಗೆ ಬೆನ್ನು ಮಾಡಿ ಹೊರಟಿತು! ಮುಳಶಿ ಆ ಕಡೆ, ಘಾಟು ಆ ಕಡೆ, ಸಮುದ್ರ ಆ ಕಡೆ. ಹೂವು ಈ ಕಡೆ. ಗಂಡ ಅಲ್ಲಿ ಇಲ್ಲವೇ ಇಲ್ಲ. ಹಾಗಾದರೆ ಎಲ್ಲಿಗೆ ಹೋದ?

ನಿಂತಲ್ಲಿಂದಲೇ ದತ್ತುಗೆ ಫೋನು ಹಚ್ಚಿದಳು. "ನೀ ಅಂದಿದ್ದು ಖರೇ ಅದ ತಮ್ಮಾ. ಇದು ಮುಂದ ಎಲ್ಲಿಗೆ ಹೋಗ್ತದ?"

"ಶಿರೂರ ಕಡೆ ಭೀಮಾಕ್ಕ ಕೂಡ್ತದ ಕಾಕು. ದಿನಾ ದಾಟ್ತೀನಲ್ಲ ನಾ. ಆಮ್ಯಾಲ ದೌಂಡ, ಉಜನಿ ಡ್ಯಾಮ್, ಅಲ್ಲಿಂದ ಪಂಢರಪುರ."

"ಪಂಢರಪುರದ ಭೀಮಾ ಅಂದ್ರ, ನಮ್ಮ ಭೀಮಾನೇ ಅಲ್ಲೇನೋ?"

"ಮತ್ತ್ಯಾವುದು? ಒಂದಾ ಹೊಳಿ."

ಶರಣಮ್ಮ ಕಟಾಂಜನವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಂಢರಪುರದ ನೀರು ತಮ್ಮೂರಿಗೇ ಬರುತ್ತದೆಂದು ಚಿಕ್ಕಂದಿನಿಂದ ಬಲ್ಲಳು. ಈ ನಾರುವ ಕಪ್ಪು ನೀರೇ ಅದಾಗುತ್ತದೆಂದು ಇಷ್ಟು ವರ್ಷ ಹೊಳೆದಿರಲಿಲ್ಲ. ಎಲ್ಲವನ್ನೂ ಕೇಳುವ ತಾನು ಇದನ್ನೊಂದು ಕೇಳಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಮೂಗು ಒರೆಸಿಕೊಂಡು ಮೈದುನ ಈರಣ್ಣನಿಗೆ ಫೋನು ಮಾಡಿದಳು.

"ಫೋನ್ ಅತ್ತಿ ಕೈಯಾಗ ಕೊಡು."

"ಆಕಿ ಮಾತಾಡಂಗಿಲ್ಲ ವೈನಿ, ನಿಮಗ ಗೊತ್ತದಲ್ಲ."

"ಮಾತಾಡೂದು ಬ್ಯಾಡ. ಕಿವಿಗೆ ಹಿಡಿ ಸಾಕು."

ಆ ಕಡೆ ಆಡುಗಳ ಸದ್ದು ಕೇಳಿತು, ಮುದುಕಿಯ ಉಸಿರು ಕೇಳಿತು. ಶರಣಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಹೂವು ಹೋದ ದಿಕ್ಕು, ದತ್ತು ಹೇಳಿದ ಊರುಗಳು. "ಅತ್ತಿ, ಅವರು ಸಮುದ್ರಕ್ಕ ಹೋಗಿಲ್ಲ. ನಾ ಹೊಳಿಗೆ ಬಿಟ್ಟವರು ಊರ ಕಡೀನ ಬಂದಾರ."

ಮುದುಕಿ ಆಡುಗಳನ್ನು ಅತ್ತ ಅಟ್ಟಿದ ಸದ್ದು ಬಂತು.

"ಶ್ರಾವಣದಾಗ ಬಿಟ್ಟಿದ್ದಿ ಅಲ್ಲ ನೀ?" ಎಂದಳು ತಿಪ್ಪವ್ವ.

"ಹೌದ್ರಿ ಅತ್ತಿ."

"ಆ ವರ್ಷ ದಸರಾ ಮುಂದ ಹೊಳಿ ಊರಾಗ ಬಂತು. ನಮ್ಮ ಅಂಗಳ ದಾಟಿ ಪಡಸಾಲಿತನಕ ಬಂತು. ನೀರು ಇಳದ ಮ್ಯಾಲ ಮೊಣಕಾಲಮಟ ರಾಡಿ. ಕಸಬರಿಗಿ ಹಿಡದು ಬಳದು ಬಳದು ಹೊರಗ ಹಾಕಿದ್ನಲ್ಲೇ ಶರಣಿ. ಬೈಕೋತ ಹಾಕಿದೆ."

ಇಷ್ಟು ವರ್ಷಗಳ ಮೇಲೆ ಅತ್ತೆಯ ಬಾಯಲ್ಲಿ ತನ್ನ ಹೆಸರು ಕೇಳಿ ಶರಣಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. ಕೇಳದೆ ಇರಲಾಗಲಿಲ್ಲ.

"ಎಲ್ಲಿ ಹಾಕಿದ್ರಿ ಅತ್ತಿ, ಆ ಮಣ್ಣು?"

"ಹಿತ್ತಲದಾಗ. ಬೇವಿನ ಗಿಡದ ಬುಡಕ. ಅಲ್ಲೇ ದಿಬ್ಬದಂಗ ಕುಂತದ ಇನ್ನೂ."

ಇಬ್ಬರೂ ಅತ್ತರು. ಸೋಮವಾರ ಬರಿಗೈಯಲ್ಲಿ ಹೋಗಿ ಸಮುದ್ರ ನೋಡಿಕೊಂಡು ಬರುತ್ತೇನೆ, ಅಮಾವಾಸ್ಯೆಗೆ ಎಡೆ ಕಟ್ಟಿಕೊಂಡು ಊರಿಗೆ ಬರುತ್ತೇನೆ ಎಂದಳು ಶರಣಮ್ಮ.

"ಬಾ" ಎಂದಳು ತಿಪ್ಪವ್ವ. "ನೀ ಬರೂತನಕ ಅಲ್ಲಿ ಯಾರನ್ನೂ ಕಾಲಿಡಾಕ ಬಿಡಂಗಿಲ್ಲ."