ಸೀಟಿನಡಿ ಬೀಳದ ಸಿಪ್ಪೆ

ಬೆಳಗಿನ ಆರು ಗಂಟೆ. ಚಿತ್ರದುರ್ಗದ ಹಳೆಯ ಚಿತ್ರಮಂದಿರವೊಂದರಲ್ಲಿ ನಾನೂರ ಹನ್ನೆರಡು ಸೀಟುಗಳ ನಡುವೆ ಅನುಸೂಯ ಪೊರಕೆ ಹಿಡಿದು ಬಗ್ಗಿದ್ದಾರೆ. ಕಡಲೆಕಾಯಿ ಸಿಪ್ಪೆಯನ್ನು ಬರೀ ಗುಡಿಸುವುದಿಲ್ಲ, ಕಣ್ಣಲ್ಲೇ ಅಳೆಯುತ್ತಾರೆ.

"ಸಿಪ್ಪೆ ರಾಶಿ ಬಿತ್ತು ಅಂದ್ರೆ ಪಿಚ್ಚರ್ ಡಬ್ಬಾ. ಮನಸಿಗೆ ನಾಟಿದ್ರೆ ಕೈಯಾಗಿನ ಕಡ್ಲೆಕಾಯಿ ಕೈಯಾಗೇ ಉಳಿತೈತೆ ನೋಡ್ರಿ."

ವಿಮರ್ಶೆ ಬರೆಯುವ ಪಂಡಿತರು ಇಲ್ಲಿ ತೆಪ್ಪಗಿರುವುದೇ ವಾಸಿ. ಬಸ್ ಕಂಡಕ್ಟರುಗಳು, ಆಸ್ಪತ್ರೆಯ ನರ್ಸುಗಳು ಯಾವ ಚಿತ್ರ ನೋಡಬೇಕೆಂದು ಕೇಳುವುದು ಅನುಸೂಯ ಅವರನ್ನೇ. ಅದರಲ್ಲೂ ಊರು ಒಪ್ಪದ ಪ್ರೀತಿಯ ಕತೆಗಳೆಂದರೆ ಅವರಿಗೆ ಪ್ರಾಣ. ನರ್ಸ್ ಮೇಘಶ್ರೀಗೆ ಮೊನ್ನೆ ಹೇಳಿದ್ದು ಹೀಗೆ: "ಇಬ್ರು ಹೆಣ್ಮಕ್ಳು ಹಿಟ್ಟಿನ ಗಿರಣಿ ನಡೆಸ್ಕಂಡು ಒಂದೇ ಮನ್ಯಾಗೆ ಬಾಳ್ವೆ ಮಾಡಾ ಸೀರಿಯಲ್ ಮೊಬೈಲ್‌ನಾಗೆ ಬಂದೈತೆ. ಪೂರ್ತಿ ನೋಡವ್ವ, ಆಮೇಲೆ ಮಾತಾಡು."

ತುರುವನೂರಿನ ಅನುಸೂಯಗೆ ಈಗ ನಲವತ್ತೊಂಬತ್ತು. ಗಂಡ ತೀರಿಕೊಂಡಾಗ ಇಪ್ಪತ್ತಾರು. ಅಂದಿನಿಂದ ಇದೇ ಪೊರಕೆ, ದಿನಕ್ಕೆ ಮೂರು ಆಟ, ಮೂರು ಸಲ ಕಸ; ಕೊನೆಯ ಆಟದ್ದು ಮಾತ್ರ ಮರುದಿನ ಬೆಳಗ್ಗೆ. ಆಟ ಮುಗಿಯುವ ಹದಿನೈದು ನಿಮಿಷ ಮೊದಲು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹೀಗಾಗಿ ಸಾವಿರ ಚಿತ್ರಗಳ ಕೊನೆ ಅವರಿಗೆ ಗೊತ್ತು. ಮೊದಲ ಭಾಗವನ್ನು ಗೇಟಿನ ದುರ್ಗೇಶ್ ಹೇಳಬೇಕು.

ಹೊರಗಿನ ಬೈಕ್ ಸ್ಟ್ಯಾಂಡ್ ನೋಡಿಕೊಳ್ಳುವ ಕಾಟಪ್ಪ ಮೊದಲು ಕುರಿ ಕಾಯುತ್ತಿದ್ದವರು, ಮದುವೆಯಾಗದವರು. ಹನ್ನೊಂದು ವರ್ಷದಿಂದ ಮಧ್ಯಾಹ್ನ ಅನುಸೂಯ, ಕಾಟಪ್ಪ ಇಬ್ಬರೂ ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಇವರ ಚಟ್ನಿ ಅವರಿಗೆ, ಅವರ ರೊಟ್ಟಿ ಇವರಿಗೆ. ಊರು ಆಡಿಕೊಂಡಿದೆ, ಇವರಿಬ್ಬರು ಮಾತ್ರ ಆ ಮಾತು ಆಡಿಲ್ಲ. ಆಡಬೇಕೆಂಬ ಆಸೆ ಅನುಸೂಯಗೆ ಬಹಳ ದಿನದಿಂದ ಇದೆ.

ಈ ವಾರದ ಚಿತ್ರದಲ್ಲಿ ಐವತ್ತರ ವಿಧವೆಯೊಬ್ಬಳು ಲಾರಿ ಡ್ರೈವರನ ಜೊತೆ ತಾಳಿಯಿಲ್ಲದೆ ಹೊರಟುಬಿಡುತ್ತಾಳೆ. "ಒಂದ್ಸಲ ಕುಂತು ನೋಡ್ರಿ" ಎಂದು ಅನುಸೂಯ ಸೋಮವಾರ ಕಾಟಪ್ಪನವರಿಗೆ ಹೇಳಿದ್ದರು. "ಬೈಕ್ ಯಾರು ಕಾಯ್ತಾರಮ್ಮ?" ಎಂದಿದ್ದರು ಅವರು. ಆದರೂ ನಿನ್ನೆ ಸಂಜೆಯ ಕೊನೆಯ ಆಟಕ್ಕೆ ಒಳಗೆ ಹೋದವರು, ಬಿಟ್ಟಾಗ ತಲೆ ತಗ್ಗಿಸಿಕೊಂಡು ಮನೆಗೆ ನಡೆದರು. ತಪ್ಪು ತಿಳಿದರೇ? ಇವತ್ತಿನಿಂದ ಬುತ್ತಿಗೂ ಬರುವುದಿಲ್ಲವೇ? ಅನುಸೂಯಗೆ ಅದೇ ಭಯ.

ಅದಕ್ಕೇ ಇವತ್ತು ಕಾಟಪ್ಪ ಕೂತಿದ್ದ ಸಾಲನ್ನು ಕಡೆಗೆ ಉಳಿಸಿಕೊಂಡಿದ್ದಾರೆ. ಬಗ್ಗಿ ನೋಡುತ್ತಾರೆ. ಸೀಟಿನಡಿ ಒಂದೂ ಸಿಪ್ಪೆಯಿಲ್ಲ. ಪಕ್ಕದ ಸೀಟಿನ ಮೇಲೆ ಬಿಚ್ಚದ ಕಡಲೆಕಾಯಿ ಪೊಟ್ಟಣ.

"ಎರಡು ಟಿಕೆಟ್ ತಗಂಡಿದ್ರಕ್ಕ," ಬಾಗಿಲಿಂದ ದುರ್ಗೇಶ್ ಹೇಳುತ್ತಾರೆ. "ಪಕ್ಕದಾಗೆ ಯಾರನ್ನೂ ಕೂರಕ್ಕೆ ಬಿಡಲಿಲ್ಲ."

ಅನುಸೂಯ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ. ಚಿತ್ರಕ್ಕೆ ಇವತ್ತೇ ಕೊನೆಯ ದಿನ.

"ಮಧ್ಯಾಹ್ನದ ಆಟ ಮೊದಲಿಂದ ಕುಂತು ನೋಡ್ತೀನಿ ಕಣಪ್ಪ, ಅವರ ಪಕ್ಕದಾಗೆ. ಕಸ ಆಮೇಲೆ ನಾನೇ ಗುಡಿಸ್ತೀನಿ. ಆ ಎರಡು ಸೀಟಿನ ಕೆಳಗೆ ಮಾತ್ರ ಗುಡಿಸಾದು ಏನೂ ಇರಲ್ಲ."